ಅರಳು ಮರಳಿನ ಮಾತೆಂದು ತಳ್ಳಬೇಡಿ



ಇವತ್ತು ಹೇಳಲು ಹೊರಟಿರುವ ವಿಷಯ ಕೇಳಲು ಹಿತವಾದದ್ದಲ್ಲ. ಆದರೂ ಹೇಳಲೇಬೇಕಾದದ್ದು. ಮರೆವಿನ ಕಾಯಿಲೆ ಹಿಡಿದ ಹಿರಿಯರಲ್ಲಿ ಕೆಲವರಿಗೆ ಬದುಕೇ ಬೇಡವೆನ್ನಿಸುತ್ತದೆ. ಅದನ್ನು ಮನೆಯವರು ಗುರುತಿಸುವುದು ಹೇಗೆ? ಗುರುತಿಸಿದ ಮೇಲೆ ಮಾಡಬೇಕಾದದ್ದೇನು? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ನಾಲ್ಕು ಮಾತು ಹೇಳುತ್ತೇನೆ. ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕೌಂಟರಿನ ಒಳಗೆ ಕುಳಿತು ಹೊರಗೆ ನಿಂತ ಹಿರಿಯರ ಮುಖ ಮತ್ತು ಸಹಿ ಎರಡನ್ನೂ ಬಹಳ ವರ್ಷ ನೋಡಿದವನು. ವೈದ್ಯರು ಹೇಳಿದ್ದನ್ನು ಕೇಳಿ, ಬರೆದದ್ದನ್ನು ಓದಿ ತಿಳಿದುಕೊಂಡದ್ದನ್ನು ನಮ್ಮ ಪುತ್ತಿಗೆ, ಸೀತಾಂಗೋಳಿ, ಕುಂಬಳೆ, ಬದಿಯಡ್ಕದ ಮನೆಗಳಿಗೆ ಹೊಂದುವಂತೆ ಹೇಳಲು ಪ್ರಯತ್ನಿಸುತ್ತೇನೆ.

'ಅರುವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳಿದರೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯಿಡೀ ಹುಡುಕಿದರೆ ಈ ಗಾದೆ ಹೇಳಿ ನಗುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಹಿರಿಯರು ಒಂದು ಸಂಜೆ ಜಗಲಿಯಲ್ಲಿ ಕುಳಿತು 'ನನಗೆ ಸಾಕಾಯಿತು, ಇನ್ನು ಇದ್ದು ಏನು ಮಾಡುವುದು' ಎಂದರೆ, ಆಗಲೂ 'ಅರಳು ಮರಳು' ಎಂದೇ ಹೇಳಿ ಒಳಗೆ ಹೋಗುತ್ತೇವೆ. ತೊಂದರೆಯಾಗುವುದು ಇಲ್ಲಿ. ನೆನಪು ಕೆಟ್ಟವರಿಗೆ ನೋವು ಕೆಟ್ಟಿರುವುದಿಲ್ಲ. ಅವರು ನಿನ್ನೆಯ ಊಟವನ್ನು ಮರೆತಿರಬಹುದು; ಬದುಕು ಭಾರವಾಗಿದೆ ಎಂಬುದನ್ನು ಸರಿಯಾಗಿಯೇ ಹೇಳುತ್ತಿರಬಹುದು.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ನಮ್ಮ ಆಸ್ಪತ್ರೆಗಳಲ್ಲಿ ಮಲಯಾಳದಲ್ಲಿ 'ಮರವಿರೋಗಂ' ಎನ್ನುತ್ತಾರೆ, ವೈದ್ಯರ ಚೀಟಿಯಲ್ಲಿ 'ಡಿಮೆನ್ಶಿಯಾ' ಎಂದಿರುತ್ತದೆ. ಇದು ಒಂದೇ ರೋಗದ ಹೆಸರಲ್ಲ. ಮಿದುಳಿನ ಜೀವಕೋಶಗಳು ಸೊರಗಿ ನೆನಪು, ಲೆಕ್ಕ, ಮಾತು, ವಿವೇಚನೆ ಇವೆಲ್ಲ ಮೆಲ್ಲಮೆಲ್ಲನೆ ಕೆಡುವ ಹಲವು ರೋಗಗಳಿಗೆ ಇಟ್ಟ ಒಟ್ಟು ಹೆಸರು. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಅಲ್‌ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಪಾರ್ಶ್ವವಾಯು ಬಡಿದ ಮೇಲೆ ರಕ್ತ ಸಂಚಾರ ಕಡಿಮೆಯಾಗಿ ಬರುವ ಮರೆವು ಇನ್ನೊಂದು ಬಗೆ. 2023ರಲ್ಲಿ ಪ್ರಕಟವಾದ ಒಂದು ಅಖಿಲ ಭಾರತ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಮಂಗಳೂರಿನಲ್ಲಿ ಹುಟ್ಟಿ ಕೇಂದ್ರ ಸಚಿವರಾದ, ಹಲವು ಭಾಷೆಗಳಲ್ಲಿ ನಿರರ್ಗಳವಾಗಿ ಮಾತನಾಡುತ್ತಿದ್ದ ಜಾರ್ಜ್ ಫೆರ್ನಾಂಡಿಸ್ ಅವರು 2019ರಲ್ಲಿ ತೀರಿಕೊಳ್ಳುವ ಮುಂಚೆ ಅನೇಕ ವರ್ಷ ಇದೇ ಅಲ್‌ಝೈಮರ್ ಕಾಯಿಲೆಯಲ್ಲಿದ್ದರು. ವಿದ್ಯೆ, ಅಧಿಕಾರ, ಬುದ್ಧಿ ಯಾವುದನ್ನೂ ಈ ಕಾಯಿಲೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮರೆವಿನ ಕಾಯಿಲೆ ಇರುವವರೆಲ್ಲ ಆತ್ಮಹತ್ಯೆಯ ಯೋಚನೆ ಮಾಡುತ್ತಾರೆಯೇ? ಇಲ್ಲ. ಹೆಚ್ಚಿನವರು ಮಾಡುವುದಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಈ ಮಾತು ಕೇಳಿ ಯಾರೂ ಹೆದರಬಾರದು. ಹಾಗಾದರೆ ಅಪಾಯ ಯಾರಿಗೆ, ಯಾವಾಗ ಹೆಚ್ಚು? ಇಂಗ್ಲೆಂಡಿನಲ್ಲಿ 2001ರಿಂದ 2019ರ ವರೆಗಿನ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನವಿದೆ. ಒಟ್ಟಾರೆ ನೋಡಿದರೆ ಈ ರೋಗಿಗಳಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚಿಲ್ಲ ಎಂದು ಅದರಲ್ಲಿ ಕಂಡುಬಂತು. ಆದರೆ ಕಾಯಿಲೆ ಗೊತ್ತಾದ ಮೊದಲ ಮೂರು ತಿಂಗಳಲ್ಲಿ ಅಪಾಯ ಸುಮಾರು ಎರಡೂವರೆ ಪಟ್ಟು. 65 ವರ್ಷಕ್ಕೆ ಮುಂಚೆಯೇ ಕಾಯಿಲೆ ಕಾಣಿಸಿಕೊಂಡವರಲ್ಲಿ ಸುಮಾರು 2.8 ಪಟ್ಟು. ಇವೆರಡೂ ಕೂಡಿದಾಗ, ಅಂದರೆ 65ಕ್ಕೆ ಮುಂಚೆ ಕಾಯಿಲೆ ಬಂದು ಮೊದಲ ಮೂರು ತಿಂಗಳಲ್ಲಿರುವವರಲ್ಲಿ, ಆರು ಪಟ್ಟಿಗೂ ಮೀರಿ. ಮೊದಲಿನಿಂದ ಮಾನಸಿಕ ಕಾಯಿಲೆ ಇದ್ದವರಲ್ಲಿಯೂ ಅಪಾಯ ಹೆಚ್ಚು.

ಈ ಲೆಕ್ಕ ನಮ್ಮ ಸಾಮಾನ್ಯ ಎಣಿಕೆಗೆ ತದ್ವಿರುದ್ಧವಾಗಿದೆ. ಹಾಸಿಗೆ ಹಿಡಿದು, ಮಕ್ಕಳ ಹೆಸರೂ ಮರೆತವರ ಬಗ್ಗೆ ನಾವು ಹೆಚ್ಚು ಆತಂಕ ಪಡುತ್ತೇವೆ. ಆದರೆ ಅಪಾಯ ಹೆಚ್ಚಿರುವುದು ಇನ್ನೂ ನಡೆದಾಡುತ್ತಾ, ಪೇಟೆಗೆ ಹೋಗಿ ಬರುತ್ತಾ, 'ನನಗೇನೋ ಆಗುತ್ತಿದೆ' ಎಂದು ತಿಳಿಯುವಷ್ಟು ಬುದ್ಧಿ ಉಳಿದಿರುವವರಲ್ಲಿ. ಮುಂದೇನಾಗುತ್ತದೆ ಎಂದು ಅವರಿಗೆ ಗೊತ್ತು. ಮಾಡಬೇಕೆಂದುಕೊಂಡದ್ದನ್ನು ಮಾಡುವ ಶಕ್ತಿಯೂ ಇದೆ. 2005ರಲ್ಲಿ ಬಂದ ಮೋಹನ್‌ಲಾಲ್ ಅಭಿನಯದ ಮಲಯಾಳ ಚಿತ್ರ 'ತನ್ಮಾತ್ರ'ವನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಕಚೇರಿಯಲ್ಲಿ ಇನ್ನೂ ಕೆಲಸದಲ್ಲಿರುವಾಗಲೇ ಕಾಯಿಲೆ ಬಂದ ನೌಕರನ ಕತೆ ಅದು. 2016ರ ಕನ್ನಡ ಚಿತ್ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'ವಿನಲ್ಲಿ ಅನಂತನಾಗ್ ಅವರದು ಇನ್ನಷ್ಟು ವಯಸ್ಸಾದವರ ಪಾತ್ರ. ಎರಡೂ ಭಾಷೆ ಬಲ್ಲ ನಮಗೆ ಎರಡೂ ಬಗೆಯನ್ನು ನೋಡುವ ಅನುಕೂಲವಿದೆ. ಮೊದಲಿನ ಬಗೆಯವರ ಮೇಲೆ ಕಣ್ಣಿಡಿ ಎನ್ನುವುದೇ ಈ ಲೆಕ್ಕದ ಅರ್ಥ.

ಅವರಿಗೆ ಯಾಕೆ ಹಾಗನ್ನಿಸುತ್ತದೆ? ನಾನು ಕಂಡ ಒಂದು ಸಂಗತಿಯಿಂದ ಹೇಳುತ್ತೇನೆ. ಪಿಂಚಣಿ ತೆಗೆಯಲು ಬಂದ ಹಿರಿಯರ ಸಹಿ ಹೊಂದುವುದಿಲ್ಲ. ಇನ್ನೊಮ್ಮೆ ಹಾಕಿ ಎನ್ನುತ್ತೇವೆ. ಅದೂ ಹೊಂದುವುದಿಲ್ಲ. ಹಿಂದೆ ಸಾಲು ಬೆಳೆಯುತ್ತದೆ, ಯಾರೋ ಗೊಣಗುತ್ತಾರೆ. ನಲ್ವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವರಿಗೆ ತಮ್ಮ ಹೆಸರನ್ನೇ ಬರೆಯಲು ಬಾರದೆ ಹೋದಾಗ ಆ ಮುಖದಲ್ಲಿ ಕಾಣುವ ನಾಚಿಕೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹೀಗೆ ದಿನಕ್ಕೆ ಹತ್ತು ಕಡೆ ಆಗುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪುತ್ತದೆ, ಬಸ್ಸಿನಲ್ಲಿ ಇಳಿಯುವ ಜಾಗ ತಪ್ಪುತ್ತದೆ, ಮೊಮ್ಮಗುವಿನ ಎದುರು ಮಾತು ತಪ್ಪುತ್ತದೆ. 'ನಾನು ಮಕ್ಕಳಿಗೆ ಭಾರವಾದೆ' ಎಂಬ ಯೋಚನೆ ಇಲ್ಲಿಂದ ಬೆಳೆಯುತ್ತದೆ. ಇದರ ಜತೆಗೆ ಖಿನ್ನತೆ ಸೇರಿಕೊಳ್ಳುತ್ತದೆ. ಮರೆವಿನ ಕಾಯಿಲೆಯವರಲ್ಲಿ ಖಿನ್ನತೆ ಬಹಳ ಸಾಮಾನ್ಯ, ಮತ್ತು ಅದಕ್ಕೆ ಚಿಕಿತ್ಸೆ ಉಂಟು. ನಮ್ಮ ಆಸ್ಪತ್ರೆಯ ಚೀಟಿಯಲ್ಲಿ 'ವಿಷಾದರೋಗಂ' ಎಂದು ಕಂಡರೆ, ಅದು ಕನ್ನಡದ ವಿಷಾದವಲ್ಲ, ಖಿನ್ನತೆ ಎಂಬ ರೋಗದ ಹೆಸರು ಎಂದು ತಿಳಿದುಕೊಳ್ಳಿ.

ಇನ್ನೂ ಕೆಲವು ಕಾರಣಗಳಿವೆ. ವಾಸಿಯಾಗದ ನೋವು, ನಿದ್ರೆ ಇಲ್ಲದ ರಾತ್ರಿಗಳು, ಕುಡಿತ, ಹೆಂಡತಿ ಅಥವಾ ಗಂಡನ ಅಗಲಿಕೆ, ಒಂಟಿ ವಾಸ, ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವುದು, ಇದ್ದ ಮನೆ ಬಿಟ್ಟು ಬೇರೆ ಮನೆಗೆ ಹೋಗಬೇಕಾಗಿ ಬರುವುದು. ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ಮಾತು ಕೇಳುತ್ತದೆ. ಲ್ಯೂಯಿ ಬಾಡಿ ಎಂಬ ಬಗೆಯ ಕಾಯಿಲೆಯಲ್ಲಿ ಇದು ಹೆಚ್ಚು. ಅಮೆರಿಕದ ಹೆಸರಾಂತ ಹಾಸ್ಯನಟ ರಾಬಿನ್ ವಿಲಿಯಮ್ಸ್ 2014ರ ಆಗಸ್ಟಿನಲ್ಲಿ ತಾವಾಗಿ ಜೀವ ಕಳೆದುಕೊಂಡರು. ಅವರಿಗೆ ಈ ಬಗೆಯ ಕಾಯಿಲೆ ಇತ್ತೆಂದು ಗೊತ್ತಾದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಅಷ್ಟು ದೊಡ್ಡ ಆಸ್ಪತ್ರೆಗಳಿರುವ ದೇಶದಲ್ಲೂ ಅದು ಕಣ್ಣಿಗೆ ಬೀಳದೆ ಉಳಿಯಿತು. ಹಿಂದೆ ಒಮ್ಮೆ ಆತ್ಮಹತ್ಯೆಗೆ ಯತ್ನಿಸಿದವರು ಮನೆಯಲ್ಲಿದ್ದರೆ, ಅದು ಎಷ್ಟೇ ವರ್ಷ ಹಿಂದಿನ ಮಾತಾಗಿರಲಿ, ವೈದ್ಯರಿಗೆ ತಿಳಿಸಲೇಬೇಕು.

ಇನ್ನು ಗುರುತಿಸುವ ವಿಷಯ. ಎರಡು ಕಡೆ ನೋಡಬೇಕು. ಒಂದು ಮಾತು, ಇನ್ನೊಂದು ನಡತೆ.

ಮಾತಿನ ವಿಷಯದಲ್ಲಿ ನಮ್ಮ ಗಡಿನಾಡಿನವರು ವಿಶೇಷ ಗಮನ ಕೊಡಬೇಕಾದ ಸಂಗತಿ ಒಂದಿದೆ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ 1ರಂದು. ಇವತ್ತು ಎಂಬತ್ತರ ಆಸುಪಾಸಿನಲ್ಲಿರುವ ನಮ್ಮ ಅನೇಕ ಹಿರಿಯರು ಅದಕ್ಕೆ ಮುಂಚೆಯೇ ಕನ್ನಡ ಶಾಲೆಗೆ ಕಾಲಿಟ್ಟವರು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಮಲಯಾಳ ಕಲಿತದ್ದು ಆಮೇಲೆ ಕಚೇರಿಗಳಿಗಾಗಿ, ಬಸ್ಸಿಗಾಗಿ, ವ್ಯಾಪಾರಕ್ಕಾಗಿ. ಮಲಯಾಳವೋ ಬ್ಯಾರಿಯೋ ಮನೆಮಾತಾಗಿರುವವರಲ್ಲಿ ಕ್ರಮ ಬೇರೆ. ಆದರೆ ಅವರಿಗೂ ಮೊದಲ ಭಾಷೆ, ಆಮೇಲಿನ ಭಾಷೆ ಎಂಬುದಿದೆ. ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ತಡವಾಗಿ ಕಲಿತ ಭಾಷೆ ಮೊದಲು ಜಾರುತ್ತದೆ, ಬಾಲ್ಯದ ಭಾಷೆ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಮನಸ್ಸಿನ ಭಾರ ಹೊರಬರುವುದು ಮನೆಮಾತಿನಲ್ಲಿ. 'ಎಂಕ್ ಸಾಕಾಂಡ್' ಎಂದು ತುಳುವಿನಲ್ಲಿ ಹೇಳುವ ಅಜ್ಜನನ್ನು ವೈದ್ಯರು ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ, ಅಜ್ಜ ತಲೆಯಾಡಿಸಿ ಸುಮ್ಮನಾಗುತ್ತಾರೆ. 'ಏನೂ ತೊಂದರೆ ಇಲ್ಲ' ಎಂದು ಚೀಟಿಯಲ್ಲಿ ದಾಖಲಾಗುತ್ತದೆ. ತಪ್ಪು ವೈದ್ಯರದ್ದೂ ಅಲ್ಲ, ಅಜ್ಜನದ್ದೂ ಅಲ್ಲ. ನಡುವೆ ನಿಂತು ಆ ಮಾತನ್ನು ದಾಟಿಸಬೇಕಾದವರು ನಾವು. 'ಸಾಕಾಯಿತು', 'ಸಾಕಾಂಡ್', 'ಮದಿಯಾಯಿ' ಮೂರೂ ಒಂದೇ ಮಾತು. ಅವರು ಹೇಳಿದ್ದನ್ನು ಹೇಳಿದ ಭಾಷೆಯಲ್ಲೇ, ತಾರೀಖು ಹಾಕಿ, ಒಂದು ಪುಸ್ತಕದಲ್ಲಿ ಬರೆದಿಡಿ. ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಒಯ್ಯಿರಿ, ಆ ಭಾಷೆ ಬಲ್ಲ ಒಬ್ಬರು ಜತೆಗಿರಿ.

ನಮ್ಮ ಬಹುಭಾಷೆಯ ಒಂದು ಒಳ್ಳೆಯ ಸುದ್ದಿಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಲ್ಲಿ ಮರೆವಿನ ಕಾಯಿಲೆ ಒಂದೇ ಭಾಷೆ ಬಲ್ಲವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಹಾಗಾಗಿ ಮೊಮ್ಮಕ್ಕಳು ಅಜ್ಜ ಅಜ್ಜಿಯರ ಜತೆ ಮನೆಮಾತಿನಲ್ಲೇ ಮಾತಾಡಲಿ, ಇಬ್ಬರಿಗೂ ಲಾಭ.

ಇನ್ನು ಕೇಳಬೇಕಾದ ಮಾತುಗಳು ಯಾವುವು? 'ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ', 'ದೇವರು ಬೇಗ ಕರೆದುಕೊಳ್ಳಬಾರದೇ', 'ಮುಂದಿನ ಆಯನಕ್ಕೆ ನಾನಿರುವುದಿಲ್ಲ', 'ಮಲಗಿದವನು ಏಳದಿದ್ದರೆ ಒಳ್ಳೆಯದು' ಇಂಥವು. ಹಳ್ಳಿಯ ಹಿರಿಯರು ಇಂಥ ಮಾತುಗಳನ್ನು ಸುಮ್ಮನೆ ಆಡುವುದೂ ಉಂಟು ಎನ್ನುತ್ತೀರಿ. ನಿಜ. ಹಾಗಾದರೆ ವ್ಯತ್ಯಾಸ ಹೇಗೆ ತಿಳಿಯುವುದು? ಮೊದಲು ಆಡದವರು ಈಗ ಆಡಲು ತೊಡಗಿದರೆ, ಪದೇ ಪದೇ ಆಡಿದರೆ, ಅದರ ಜತೆಗೆ ನಡತೆಯೂ ಬದಲಾದರೆ ಆಗ ಗಮನಿಸಬೇಕು.

ನಡತೆಯ ಸೂಚನೆಗಳು ಹೀಗೆ: ಊಟ ಬಿಡುವುದು, ನಿದ್ರೆ ಕೆಡುವುದು, ಮಾತ್ರೆ ತೆಗೆದುಕೊಳ್ಳದಿರುವುದು ಅಥವಾ ಕೂಡಿಡುವುದು, ಭಜನೆಗೆ, ಯಕ್ಷಗಾನಕ್ಕೆ, ಮಸೀದಿಗೆ ಹೋಗುತ್ತಿದ್ದವರು ನಿಲ್ಲಿಸುವುದು, ಪ್ರೀತಿಯ ಹಸುವಿನ ಕಡೆಗೂ ನೋಡದಿರುವುದು, ತೋಟದ ಮದ್ದಿನ ಕೋಣೆಯ ಹತ್ತಿರ, ಬಾವಿಕಟ್ಟೆಯ ಹತ್ತಿರ ಕಾರಣವಿಲ್ಲದೆ ಸುಳಿಯುವುದು. ಬಹಳ ದಿನ ಚಡಪಡಿಸುತ್ತಿದ್ದವರು ಏಕಾಏಕಿ ಶಾಂತರಾಗಿ ಎಲ್ಲರನ್ನೂ ಕರೆದು ಮಾತನಾಡಿಸುವುದೂ ಒಂದು ಸೂಚನೆ. ಬ್ಯಾಂಕಿನ ಕಡೆಯಿಂದ ಹೇಳುವುದಾದರೆ, ಒಂದೇ ವಾರದಲ್ಲಿ ಠೇವಣಿಗಳನ್ನೆಲ್ಲ ಅವಧಿಗೆ ಮುಂಚೆ ಮುರಿಯುವುದು, ಲಾಕರ್ ಖಾಲಿ ಮಾಡುವುದು, ಚಿನ್ನ ಹಂಚುವುದು, ಎಲ್ಲ ಖಾತೆಗೂ ಆತುರದಿಂದ ನಾಮಿನಿ ಹಾಕಿಸುವುದು. ನಾಮಿನಿ ಹಾಕಿಸುವುದು ಜಾಣತನ, ಎಲ್ಲರೂ ಮಾಡಬೇಕಾದ ಕೆಲಸ. ಇಲ್ಲಿ ನೋಡಬೇಕಾದದ್ದು ಆ ಅವಸರವನ್ನು. ಕೌಂಟರಿನಲ್ಲಿ ಕುಳಿತ ಈಗಿನ ತರುಣ ಮಿತ್ರರಿಗೂ ಒಂದು ಮಾತು: ಅಂಥ ಸಮಯದಲ್ಲಿ 'ಏನಜ್ಜ, ಎಲ್ಲ ಕ್ಷೇಮವಾ? ಜತೆಗೆ ಯಾರು ಬಂದಿದ್ದಾರೆ?' ಎಂದು ಕೇಳಿದರೆ ಯಾವ ನಿಯಮವೂ ಮುರಿಯುವುದಿಲ್ಲ.

ಕಾಯಿಲೆ ಬಹಳ ಮುಂದುವರಿದವರಲ್ಲಿ ಸ್ಥಿತಿ ಬೇರೆ. ಅವರಿಗೆ ಯೋಜಿಸಿ ಮಾಡುವ ಶಕ್ತಿ ಕಡಿಮೆ. ಆದರೆ ಬಾಟಲಿಯಲ್ಲಿರುವುದು ಮದ್ದೋ ಶರಬತ್ತೋ ತಿಳಿಯದೆ ಅಪಘಾತವಾಗಬಹುದು. ಅವರು 'ಸಾಯಬೇಕು' ಎಂದು ಕಿರುಚಿದರೆ ಅದರ ಹಿಂದೆ ಹೇಳಲಾಗದ ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು, ಹಸಿವು ಇರಬಹುದು. ಎರಡು ಮೂರು ದಿನಗಳಲ್ಲೇ ಮನುಷ್ಯ ಪೂರ್ತಿ ಬದಲಾದರೆ ಅದು ಮರೆವಿನ ಕಾಯಿಲೆ ಹೆಚ್ಚಾದದ್ದು ಎಂದು ಕುಳಿತುಕೊಳ್ಳಬೇಡಿ. ಜ್ವರ, ಸೋಂಕು, ಮಾತ್ರೆಯ ದೋಷ ಏನೋ ಇದೆ ಎಂದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಇನ್ನೊಂದು ಕಡೆ, ಖಿನ್ನತೆಯೇ ಮರೆವಿನ ವೇಷ ಹಾಕಿ ರಂಗಕ್ಕೆ ಬರುವುದೂ ಉಂಟು. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ ಇವೂ ಮರೆವನ್ನು ತರುತ್ತವೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ವೇಷ ಕಳಚಿ ನೋಡುವುದು ವೈದ್ಯರ ಕೆಲಸ. ಅವರ ಹತ್ತಿರ ಕರೆದುಕೊಂಡು ಹೋಗುವುದು ನಮ್ಮ ಕೆಲಸ.

ಸಂಶಯ ಬಂತು, ಏನು ಮಾಡಬೇಕು? ಮೊದಲ ಕೆಲಸ ನೇರವಾಗಿ ಕೇಳುವುದು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಹುಟ್ಟಿಸಿದಂತಾಗುತ್ತದೆ ಎಂದು ಹೆಚ್ಚಿನವರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದಾಗ ಅವರಿಗೆ ಹಗುರವಾಗುತ್ತದೆ ಎಂದೇ ಮನೋವೈದ್ಯರು ಹೇಳುತ್ತಾರೆ. ಟಿ.ವಿ. ನಿಲ್ಲಿಸಿ, ಹತ್ತಿರ ಕುಳಿತು, ಕೈ ಹಿಡಿದು, ಅವರ ಭಾಷೆಯಲ್ಲಿ ಚಿಕ್ಕ ಚಿಕ್ಕ ಪ್ರಶ್ನೆ ಕೇಳಿ. 'ಅಪ್ಪ, ನಿಮಗೆ ಬಹಳ ಬೇಜಾರು ಆಗ್ತದಾ?' ಉತ್ತರಕ್ಕೆ ಕಾಯಿರಿ. ಅವರಿಗೆ ಮಾತು ಹುಡುಕಲು ಸಮಯ ಬೇಕು. ಆಮೇಲೆ, 'ಬದುಕುವುದು ಬೇಡ ಅಂತ ಅನ್ನಿಸ್ತದಾ?' ಹೌದು ಎಂದರೆ, 'ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬಂದದ್ದುಂಟಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?' ಒಮ್ಮೆ ಇಲ್ಲವೆಂದರೆ ಅಲ್ಲಿಗೇ ಬಿಡಬೇಡಿ. ಬೆಳಗ್ಗಿನ ಮನಸ್ಸು ಬೇರೆ, ಸಂಜೆಯ ಮನಸ್ಸು ಬೇರೆ. ಇನ್ನೊಂದು ದಿನ ಪುನಃ ಕೇಳಿ.

ಹೇಳಬಾರದ ಮಾತುಗಳೂ ಇವೆ. 'ನಿಮಗೆ ಏನು ಕಡಿಮೆಯಾಗಿದೆ?', 'ಊರಿನವರು ಏನು ಹೇಳಿಯಾರು?', 'ಅದು ಪಾಪ' ಎನ್ನಬೇಡಿ. ಗದರಬೇಡಿ, ವಾದ ಮಾಡಬೇಡಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್‌ಝೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಚಿತ್ರದಲ್ಲಿ ನೋಡಿದ್ದು ಅವರಿಗೆ ಮರೆತುಹೋಯಿತು. ಆದರೆ ಅದರಿಂದ ಹುಟ್ಟಿದ ದುಃಖ ಅಥವಾ ಸಂತೋಷ ಉಳಿದುಕೊಂಡಿತ್ತು. ಮನೆಯಲ್ಲಿಯೂ ಇದೇ ಆಗುತ್ತದೆ. ಬೆಳಿಗ್ಗೆ ಸೊಸೆ ಗದರಿದ್ದು ಮಾವನಿಗೆ ಮರೆತಿದೆ, ಯಾಕೋ ತಿಳಿಯದ ಬೇಸರ ಮಾತ್ರ ಉಳಿದಿದೆ. ಹಾಗೆಯೇ ಮಗಳು ಪಕ್ಕದಲ್ಲಿ ಕುಳಿತು ಎಲೆಯಡಿಕೆ ಮಾಡಿಕೊಟ್ಟದ್ದು ಮರೆತಿದೆ, ಹಿತ ಉಳಿದಿದೆ. ನಾವು ಮಾಡಿದ್ದು ಅವರಿಗೆ ನೆನಪಿರುವುದಿಲ್ಲ, ಮಾಡಿ ಏನು ಪ್ರಯೋಜನ ಎನ್ನುವವರಿಗೆ ಇದೇ ಉತ್ತರ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ ಅಗತ್ಯ. 'ಇನ್ನು ಹಾಗೆ ಯೋಚಿಸುವುದಿಲ್ಲ' ಎಂದು ಅವರಿಂದ ಮಾತು ತೆಗೆದುಕೊಂಡು, ದೇವರ ಮೇಲೆ ಆಣೆ ಹಾಕಿಸಿ ನೀವು ನಿಶ್ಚಿಂತರಾಗಬೇಡಿ. ಕೊಟ್ಟ ಮಾತು ಸಂಜೆಗೆ ನೆನಪಿರುವುದಿಲ್ಲ. ಆದುದರಿಂದ ಭದ್ರತೆ ಅವರ ನೆನಪಿನಲ್ಲಿ ಇರಬಾರದು, ಮನೆಯಲ್ಲಿ ಇರಬೇಕು.

ಮನೆಯ ಭದ್ರತೆ ಎಂದರೇನು? ತೋಟದ ಕೀಟನಾಶಕ, ಕಳೆನಾಶಕ, ಮೈಲುತುತ್ತು ಇವನ್ನು ಹಟ್ಟಿಯ ಮಾಡಿನಲ್ಲೋ ಜಗಲಿಯ ಮೂಲೆಯಲ್ಲೋ ಇಡಬೇಡಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳಿ. ಸಾಧ್ಯವಾದರೆ ಮನೆಯಲ್ಲಿ ದಾಸ್ತಾನು ಮಾಡಲೇಬೇಡಿ. ಮಾತ್ರೆಗಳ ಡಬ್ಬಿ ಒಬ್ಬರ ಕೈಯಲ್ಲಿರಲಿ, ಆ ಹೊತ್ತಿನದ್ದನ್ನು ಮಾತ್ರ ಕೊಡಿ, ಹಳೆಯದನ್ನು ವಿಲೇವಾರಿ ಮಾಡಿ. ಬಾವಿಗೆ ಕಬ್ಬಿಣದ ಬಲೆ ಹಾಕಿಸಿ. ಬೆಳೆ ರಕ್ಷಣೆಗೆಂದು ಪರವಾನಗಿಯ ಕೋವಿ ಇರುವ ಮನೆಗಳು ನಮ್ಮಲ್ಲಿವೆ; ಅದು ಮನೆಯಿಂದ ಹೊರಗಿರಲಿ, ಹೇಗೆಂದು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ಬೇಕೆಂದವರು ಹೇಗಾದರೂ ದಾರಿ ಕಂಡುಕೊಳ್ಳುತ್ತಾರೆ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಆ ಯೋಚನೆ ಅನೇಕ ಸಲ ಕೆಲವೇ ಗಂಟೆಗಳ ಬಿರುಗಾಳಿ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ನೆರೆಯ ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಇದನ್ನು ಹೇಳಲು ಕಾರಣವಿದೆ. 2022ರಲ್ಲಿ ದೇಶದ ಸರಾಸರಿ ಒಂದು ಲಕ್ಷಕ್ಕೆ 12.4 ಆಗಿದ್ದರೆ ನಾವಿರುವ ಕೇರಳದಲ್ಲಿ ಅದು 28.5 ಆಗಿತ್ತು.

ಅಪಾಯ ಕಣ್ಣೆದುರಿಗೇ ಇದ್ದರೆ, ಅಂದರೆ ಈಗಲೇ ಏನಾದರೂ ಮಾಡಿಕೊಳ್ಳುತ್ತೇನೆ ಎಂದರೆ, ಒಬ್ಬರು ಬಿಡದೆ ಜತೆಗಿರಿ, ಇನ್ನೊಬ್ಬರು ವಾಹನಕ್ಕೆ ಅಥವಾ 108ಕ್ಕೆ ಫೋನ್ ಮಾಡಿ. ಏನಾದರೂ ನುಂಗಿದ ಸಂಶಯವಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿಯನ್ನೋ ಚೀಟಿಯನ್ನೋ ಜತೆಗಿಟ್ಟುಕೊಂಡು ತಡಮಾಡದೆ ಆಸ್ಪತ್ರೆಗೆ ಹೊರಡಿ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಮನೆಯಲ್ಲೇ ಮುಚ್ಚಿಡುವ ಕಾಲ ಕಳೆಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ.

ಅಷ್ಟು ತುರ್ತಿಲ್ಲದಿದ್ದರೆ ಎಲ್ಲಿಗೆ ಹೋಗುವುದು? ಕೇಂದ್ರ ಸರಕಾರ 2022ರ ಅಕ್ಟೋಬರ 10ರಂದು ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಇದೆ. ಸಂಖ್ಯೆ 14416. ಇನ್ನೊಮ್ಮೆ ಹೇಳುತ್ತೇನೆ, ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲು ರಾತ್ರಿ ಇರುತ್ತದೆ, ಕನ್ನಡ ಮಲಯಾಳ ಎರಡೂ ಇವೆ, ಭಾಷೆ ಆರಿಸಿಕೊಳ್ಳಬಹುದು. ರೋಗಿಯೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು. ಕೇರಳ ಸರಕಾರದ ದಿಶಾ ಸಹಾಯವಾಣಿ 1056. ಹಿರಿಯ ನಾಗರಿಕರ ಸಹಾಯವಾಣಿ 14567. ನಮ್ಮ ಆಶಾ ಕಾರ್ಯಕರ್ತೆಯರಿಗೆ ಮತ್ತು ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ತಿಳಿಸಿ. 2008ರ ಸಾಂತ್ವನ ಚಿಕಿತ್ಸಾ ನೀತಿಯ ಬಳಿಕ ಮನೆಗೆ ಬಂದು ನೋಡುವ ಈ ವ್ಯವಸ್ಥೆ ಕೇರಳದ ಹಳ್ಳಿಹಳ್ಳಿಗೂ ತಲುಪಿದೆ. ಮರೆವಿನ ರೋಗಿಗಳ ಕುಟುಂಬಗಳಿಗಾಗಿ ಕೆಲಸ ಮಾಡುವ ಎ.ಆರ್.ಡಿ.ಎಸ್.ಐ. ಎಂಬ ಸಂಸ್ಥೆ 1992ರಲ್ಲಿ ಹುಟ್ಟಿದ್ದೂ ಕೇರಳದಲ್ಲೇ. ದೊಡ್ಡ ಪರೀಕ್ಷೆಗಳಿಗೆ ನಾವೆಲ್ಲ ಮಂಗಳೂರಿಗೆ ಹೋಗುವವರು. ಹೋಗಿ, ಆದರೆ ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿ ದಾಖಲೆ ಇಟ್ಟುಕೊಳ್ಳಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಗಡಿಯ ಈಚೆಗೆ ಉಳಿದ ರೋಗಿಗಳ ಪಾಡು ನಮಗೆ ನೆನಪಿದೆ. ಈ ರೋಗದ ಔಷಧವನ್ನು ಥಟ್ಟನೆ ನಿಲ್ಲಿಸಬಾರದು. ಖಿನ್ನತೆಯ ಔಷಧ ಹಿಡಿಯಲು ಕೆಲವು ವಾರ ಬೇಕು. ನಾಲ್ಕು ದಿನದಲ್ಲಿ ಗುಣವಿಲ್ಲವೆಂದು ಬಿಡಬಾರದು.

ಪರೀಕ್ಷೆಯ ಫಲಿತಾಂಶ ತಿಳಿದ ಮೊದಲ ಮೂರು ತಿಂಗಳನ್ನು ಬಾಣಂತಿಯ ಆರೈಕೆಯ ಹಾಗೆ ಲೆಕ್ಕ ಹಾಕಿ ನೋಡಿಕೊಳ್ಳಿ. ಯಾರು ಯಾವ ದಿನ ಜತೆಗಿರುವುದು ಎಂದು ಮನೆಯವರು, ನೆಂಟರು, ನೆರೆಯವರು ಕುಳಿತು ನಿಶ್ಚಯಿಸಿ. 'ಬೇಜಾರಾದರೆ ಇವರನ್ನು ಕರೆಯಿರಿ' ಎಂದು ಇಬ್ಬರ ಹೆಸರು, ಫೋನ್ ಸಂಖ್ಯೆ, ಭಾವಚಿತ್ರ ಸಹಿತ ದೊಡ್ಡ ಅಕ್ಷರದಲ್ಲಿ, ಅವರು ಓದಬಲ್ಲ ಲಿಪಿಯಲ್ಲಿ ಬರೆದು ಗೋಡೆಗೆ ಹಚ್ಚಿ. ಅವರಿಂದ ಎಲ್ಲ ಕೆಲಸವನ್ನು ಒಮ್ಮೆಗೇ ಕಿತ್ತುಕೊಳ್ಳಬೇಡಿ. ಅಡಿಕೆ ಹೆಕ್ಕಲಿ, ಹೂ ಕೊಯ್ಯಲಿ, ದೀಪ ಹಚ್ಚುವಾಗ ಜತೆಗಿರಲಿ. ದೊಡ್ಡ ಹಣದ ವ್ಯವಹಾರವನ್ನು ಜಂಟಿ ಖಾತೆಗೆ ತನ್ನಿ, ಆದರೆ ಸಣ್ಣ ಮೊತ್ತದ ಒಂದು ಪಾಸ್‌ಬುಕ್ಕು, ಕಿಸೆಯಲ್ಲಿ ನೂರಿನ್ನೂರು ರೂಪಾಯಿ ಅವರದ್ದಾಗಿಯೇ ಇರಲಿ. ಜೀವಮಾನವಿಡೀ ದುಡಿದವರಿಗೆ ಖಾಲಿ ಕಿಸೆ ದೊಡ್ಡ ಅವಮಾನ.

ಕೊನೆಯದಾಗಿ ನೋಡಿಕೊಳ್ಳುವವರ ವಿಷಯ. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ, ಸೊಸೆ ಅಥವಾ ಮದುವೆಯಾಗದೆ ಉಳಿದ ಮಗಳು. ರಾತ್ರಿ ನಿದ್ರೆಯಿಲ್ಲ, ಹಗಲು ಹೊರಗೆ ಹೋಗುವ ಹಾಗಿಲ್ಲ. ಅವರಿಗೂ 'ಸಾಕಾಯಿತು' ಎನ್ನಿಸುತ್ತದೆ, ಹೇಳಿಕೊಳ್ಳಲು ನಾಚಿಕೆ. ಅವರನ್ನೂ ಕೇಳಿ. ವಾರಕ್ಕೆ ಅರ್ಧ ದಿನ ನೀವು ಹೋಗಿ ಕುಳಿತು ಅವರನ್ನು ಪೇಟೆಗೋ ತವರಿಗೋ ಕಳುಹಿಸಿ. ಕುಡುಂಬಶ್ರೀಯವರು, ಭಜನಾ ಮಂಡಳಿಯವರು, ಯುವಕ ಸಂಘದವರು ಸರದಿ ಹಾಕಿಕೊಂಡರೆ ಇದು ಕಷ್ಟದ ಕೆಲಸವಲ್ಲ. ಹಾಸಿಗೆ ಹಿಡಿದ ರೋಗಿಗಳನ್ನು ನೋಡಿಕೊಳ್ಳುವವರಿಗಾಗಿ ಸರಕಾರದ ಆಶ್ವಾಸಕಿರಣಂ ಎಂಬ ಯೋಜನೆ ಇದೆ. ಅಂಗನವಾಡಿಯಲ್ಲಿ ಅಥವಾ ಪಂಚಾಯತಿನಲ್ಲಿ ವಿಚಾರಿಸಿ.

ಕೇಳುಗರೇ, ಇಷ್ಟೆಲ್ಲದರಲ್ಲಿ ನಾಲ್ಕು ಮಾತು ನೆನಪಿಟ್ಟರೆ ಸಾಕು. 'ಸಾಕಾಯಿತು' ಎಂಬ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೂ ಕೇಳಿಸಿಕೊಳ್ಳಿ. ನೇರವಾಗಿ ಪ್ರಶ್ನೆ ಕೇಳಿ. ಅಪಾಯದ ವಸ್ತುಗಳಿಗೆ ಇವತ್ತೇ ಬೀಗ ಹಾಕಿ. ಸಂಶಯ ಬಂದರೆ 14416ಕ್ಕೆ ಫೋನ್ ಮಾಡಿ. ಈ ಸಂಖ್ಯೆಯನ್ನು ಕ್ಯಾಲೆಂಡರಿನ ಬದಿಯಲ್ಲಿ ಬರೆದಿಟ್ಟುಕೊಂಡು, ನೆರೆಮನೆಯವರಿಗೂ ಒಂದು ಚೀಟಿ ಕೊಡಿ.